ಗುಬ್ಬಿ ಕೇಳಿದ ಕ್ಷಮೆ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕ,

ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತವಳು ನಾನು. ಬೈಯುವುದಿದ್ದರೆ ಈಗಲೇ ಬೈದು ಮುಗಿಸಿ ಮುಂದೆ ಓದು. ಹುಷಾರಿಲ್ಲ, ಕೆಲಸ ಜಾಸ್ತಿ ಅಂತೆಲ್ಲ ನೆಪ ಹೇಳುವುದಿಲ್ಲ. ನಾಚಿಕೆಯಿಂದ ಬರೆಯಲಿಲ್ಲ, ಅಷ್ಟೇ.

ಗುಬ್ಬಿಯ ಸಿನಿಮಾ ಹೇಗಿದೆ ಅಂತ ಕೇಳಿದ್ದೆಯಲ್ಲ. ನನ್ನ ಮಗಳು ನಮ್ಮ ಮನೆಯ ಕಥೆಯನ್ನೇ ಸಿನಿಮಾ ಮಾಡಿದ್ದಾಳೆ! ಪರದೇಶಕ್ಕೆ ಬಂದ ಗಂಡ ಹೆಂಡತಿ, ಮನೆಯೊಳಗೆ ಒಂದು ಭಾಷೆ, ಹೊಸಿಲು ದಾಟಿದರೆ ಇನ್ನೊಂದು, ನಡುವೆ ಹನ್ನೊಂದು ವರ್ಷದ ಹುಡುಗಿ. ಶಾಲೆಯಲ್ಲಿ, ಮನೆ ಮಾಲೀಕನ ಮುಂದೆ, ಎಲ್ಲೇ ಹೋಗಲಿ, ಅಪ್ಪ ಅಮ್ಮನ ಪರವಾಗಿ ಮಾತಾಡುವವಳು ಅವಳೇ. ನನ್ನ ಪಾತ್ರ ಮಾಡಿದವಳು ನನಗಿಂತ ಲಕ್ಷಣವಾಗಿದ್ದಾಳೆ. ಇಸ್ತ್ರಿ ಮಾಡಲು ಮಾತ್ರ ಬರುವುದಿಲ್ಲ. ಕಾಲರ್ ಬಿಟ್ಟು ತೋಳಿನಿಂದ ಶುರು ಮಾಡುತ್ತಾಳೆ! ಹೋಟೆಲಿನ ಬಟ್ಟೆಗಳಿಗೆ ಇಪ್ಪತ್ತು ವರ್ಷ ಇಸ್ತ್ರಿ ಹಾಕಿದ ನನಗೆ ಎದ್ದು ಹೋಗಿ ಕಿತ್ತುಕೊಳ್ಳೋಣ ಅನ್ನಿಸಿತು.

ನಮ್ಮ ಮನೆಯವರ ಕೊನೆಯ ದಿನಗಳೂ ಅದರಲ್ಲಿವೆ. ಆಸ್ಪತ್ರೆಯ ಕೋಣೆ. ದುಭಾಷಿ ಅವತ್ತು ಬಂದಿಲ್ಲ. ಡಾಕ್ಟರಮ್ಮ ಹುಡುಗಿಯ ಕಡೆ ತಿರುಗಿ, "ನಿಮ್ಮಪ್ಪಂಗೆ ಇದು ವಾಸಿಯಾಗೋ ಕಾಯಿಲೆ ಅಲ್ಲ. ಹೆಚ್ಚಂದ್ರೆ ಒಂದು ವರ್ಷ. ಅವರಿಗೆ ಹೇಳಮ್ಮ" ಅನ್ನುತ್ತಾಳೆ. ಹುಡುಗಿ ನಮ್ಮ ಭಾಷೆಯಲ್ಲಿ, "ಮಾತ್ರೆ ಸರಿಯಾಗಿ ತಗೊಂಡ್ರೆ ವಾಸಿ ಆಗತ್ತಂತಪ್ಪ" ಅನ್ನುತ್ತಾಳೆ. "ಅಬ್ಬ, ಬದುಕಿದೆ" ಅಂತ ಅಮ್ಮ ಕಣ್ಣೊರೆಸಿಕೊಳ್ಳುತ್ತಾಳೆ. ಅಪ್ಪ ಹೋಗುವವರೆಗೆ, ಎಂಟು ತಿಂಗಳು, ಆ ಗುಟ್ಟನ್ನು ಮಗು ಒಬ್ಬಳೇ ಹೊತ್ತು ತಿರುಗುತ್ತಾಳೆ.

ಮೊದಲ ಪ್ರದರ್ಶನಕ್ಕೆ ಬಂದವರಲ್ಲಿ ಅಳದವರಿಲ್ಲ ಅಕ್ಕ. ಸಿನಿಮಾ ಮುಗಿದ ಮೇಲೆ ಗುಬ್ಬಿ ನನ್ನ ಕೈ ಹಿಡಿದು ವೇದಿಕೆಗೆ ಎಳೆದುಕೊಂಡು ಹೋದಳು. "ಅವತ್ತು ನಮ್ಮಮ್ಮನಿಗೆ ಸುಳ್ಳು ಹೇಳಿದ್ದೆ. ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ" ಅಂದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಅವಳ ತಲೆ ಸವರಿ, "ಇರ್ಲಿ ಬಿಡು ಮಗಳೇ" ಅಂದೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಟ್ಟೆ!

ಮುಂದಿನ ಭಾನುವಾರ ಊಟಕ್ಕೆ ಬರುತ್ತಾಳೆ. ಅವಳಿಗೆ ಒಂದು ವಿಷಯ ಹೇಳಬೇಕು, ಬಾಯಿ ಬರುತ್ತಿಲ್ಲ. ಮೊದಲು ನಿನಗೆ ಹೇಳಿ ಅಭ್ಯಾಸ ಮಾಡಿಕೊಳ್ಳೋಣ ಅಂತ ಕೂತೆ. ನೋಡು, ಇಷ್ಟುದ್ದ ಬರೆದರೂ ಹೇಳಿಲ್ಲ.

ನಿನ್ನ ಮಂಡಿ ನೋವು ಹೇಗಿದೆ? ಸುಮ್ಮಸುಮ್ಮನೆ ಮೆಟ್ಟಿಲು ಹತ್ತಬೇಡ. ಮೊಮ್ಮಕ್ಕಳು ನಿನ್ನ ಕಣ್ಣೆದುರೇ ನೂರು ವರ್ಷ ತಣ್ಣಗೆ ಬಾಳಲಿ.

ನಿನ್ನ ತಂಗಿ

ತಾ.ಕ.: ಮರೆತು ಬಿಟ್ಟದ್ದಲ್ಲ, ಹೆದರಿ ಬಿಟ್ಟದ್ದು. ಡಾಕ್ಟರಮ್ಮ ಹೇಳಿದ ಒಂದೊಂದು ಮಾತೂ ನನಗೆ ಅವತ್ತೇ ಅರ್ಥವಾಗಿತ್ತು. ಇಸ್ತ್ರಿ ಮೇಜಿನ ಅಕ್ಕಪಕ್ಕದ ಹೆಂಗಸರ ಜೊತೆ ಹರಟಿ ಹರಟಿ ಭಾಷೆ ಕಲಿತಿದ್ದೆ. ತನಗೆ ಬಾರದ್ದು ಹೆಂಡತಿಗೆ ಬರುತ್ತದೆ ಅಂತ ಗೊತ್ತಾದರೆ ಇವರು ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ ಅಂತ ಮನೆಯಲ್ಲಿ ಹೇಳಿರಲಿಲ್ಲ. ಮಗು ಸುಳ್ಳು ಹೇಳಿದಾಗ, ಸದ್ಯ, ಹೇಳುವ ಕಷ್ಟ ನನಗೆ ತಪ್ಪಿತಲ್ಲ ಅಂತ ಹಗುರವಾಯಿತು. ಆ ಎಂಟು ತಿಂಗಳು ಅವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದು ನನಗೆ ಕೇಳಿಸುತ್ತಿತ್ತು. ನಾನು ಹೊರಗಿನಿಂದ ಬಾಗಿಲು ತಟ್ಟಿ, "ಎಷ್ಟು ನೀರು ಪೋಲು ಮಾಡ್ತೀಯೇ" ಅನ್ನುತ್ತಿದ್ದೆ.