ಬಿಳಿ ಗುರುತಿಗೆ ಹಚ್ಚಿದ ಅರಿಶಿನ

ಶ್ರೀನಿವಾಸಪುರ
೪–೩–೧೯೮೪

ಈಜುಡುಪು ಕಂಪನಿಯ ಮ್ಯಾನೇಜರ್ ಅವರಿಗೆ ನಮಸ್ಕಾರ.

ನಿಮ್ಮ ವಕೀಲರ ನೋಟೀಸು ತಲುಪಿತು. ಸ್ಪರ್ಧೆಯಲ್ಲಿ ಹಾಕಿಕೊಳ್ಳಲೆಂದು ನೀವು ಕೊಟ್ಟ ಈಜುಡುಪಿನ ಮೇಲಿನ ನಿಮ್ಮ ಕಂಪನಿಯ ಗುರುತಿಗೆ ನಾನು ಬೇರೆ ಕಂಪನಿಯ ಮಾತು ಕೇಳಿ ಬಣ್ಣ ಬಳಿದೆ ಎಂದು ಬರೆದಿದ್ದಾರೆ.

ಅದು ಬಣ್ಣವಲ್ಲ, ಅರಿಶಿನ. "ಹೊಸಾ ಬಟ್ಟೆ, ಕರೀದು ಬೇರೆ. ಅರಿಶಿನ ಹಚ್ಚದೆ ಹಾಕ್ಕೋಬೇಡ ಕಣೇ" ಎಂದು ನಮ್ಮಜ್ಜಿ ಚಿಕ್ಕವೆಂಕಟಮ್ಮ ಹಚ್ಚಿದರು. ಕಪ್ಪಿನ ಮೇಲೆ ಅರಿಶಿನ ಕಾಣಲಿಲ್ಲವಂತೆ. ಬೆಳ್ಳಗಿದ್ದದ್ದು ನಿಮ್ಮ ಗುರುತೊಂದೇ.

ನೀವು ಕೇಳಿದಂತೆ ಉಡುಪನ್ನು ಒಗೆದು ಕಳಿಸಿದ್ದೇನೆ. ಕಲೆ ಹೋಗಲಿಲ್ಲ. ರಾಜ್ಯಮಟ್ಟದ ಸ್ಪರ್ಧೆಗೆ ನನ್ನ ಹಳೆಯದನ್ನೇ ಹೊಲಿದುಕೊಂಡಿದ್ದೇನೆ. ಕೋರ್ಟಿನ ತಾರೀಖನ್ನು ದಯವಿಟ್ಟು ಸ್ಪರ್ಧೆ ಮುಗಿದ ಮೇಲೆ ಇಡಿಸಿ.

ಇದನ್ನು ಇನ್ಯಾವ ಹುಡುಗಿಗೆ ಕೊಟ್ಟರೂ ಒಂದು ಮಾತು ಹೇಳಿ. ಅವಳು ಮತ್ತೆ ಅರಿಶಿನ ಹಚ್ಚಬೇಕಾಗಿಲ್ಲ, ನಮ್ಮಜ್ಜಿ ಹಚ್ಚಿಯಾಗಿದೆ.

ಇತಿ,
ಎ. ಸುಗುಣ