ಅಪ್ಪ ತಿನ್ನದ ದ್ರಾಕ್ಷಿ

ಕಂಬಂ
೧೪ ಮಾರ್ಚ್ ೨೦೨೪, ಗುರುವಾರ

ಪ್ರೀತಿಯ ತೇನ್‌ಮೊಳಿ,

ದಿಂಡುಗಲ್ಲಿನಲ್ಲಿ ನೀನು, ಅಳಿಯಂದಿರು ಚೆನ್ನಾಗಿದ್ದೀರಾ? ನಿನ್ನ ಸೊಂಟನೋವು ಹೇಗಿದೆ? ಮೆಡಿಕಲ್ ಶಾಪಿನಲ್ಲಿ ದಿನವಿಡೀ ನಿಂತೇ ಇರುತ್ತೀಯ, ಸ್ವಲ್ಪ ಕೂತುಕೋ ಎಂದರೆ ಕೇಳುವವಳಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ನನ್ನ ಪಕ್ಕದಿಂದ ಏಳುವುದೇ ಇಲ್ಲ, ಅದಕ್ಕೇ ಈ ಕಾಗದ.

ಅಪ್ಪ ಆಸ್ಪತ್ರೆಯಿಂದ ಮನೆಗೇನೋ ಬಂದರು. ಆದರೆ ಬೆಳಗಿನಿಂದ ಸಂಜೆವರೆಗೆ ದ್ರಾಕ್ಷಿ ಚಪ್ಪರದ ಕೆಳಗೆ ಕೈ ಮೇಲೆತ್ತಿ ಗೊಂಚಲು ಕತ್ತರಿಸುತ್ತಿದ್ದ ಮನುಷ್ಯನಿಗೆ ಈಗ ಲೋಟ ಎತ್ತಲೂ ಎರಡು ಕೈ ಬೇಕು. ಆ ಮಧ್ಯಾಹ್ನದ್ದು ನಿನಗೆ ಗೊತ್ತಿರುವುದು ಅರ್ಧ ಮಾತ್ರ. ದ್ರಾಕ್ಷಿ ಕೊಯ್ಯುತ್ತಿದ್ದವರು, ನೀನು ಹೇಳಿಕೊಟ್ಟಂತೆ ಊಟಕ್ಕೆ ಮುಂಚೆ ಅಲ್ಲೇ ಕೂತು ಬೆರಳಿಗೆ ಸೂಜಿ ಚುಚ್ಚಿಕೊಂಡರು. ಸಕ್ಕರೆ ಮೀಟರ್ ಮುನ್ನೂರು ದಾಟಿತ್ತು. ನಿನಗೆ ಫೋನ್ ಮಾಡಿದರು. “ಸತ್ಯಮಾ, ನಿನ್ನಾಣೆ, ಒಂದು ಹಣ್ಣೂ ತಿನ್ನಿಲ್ಲ ತಾಯೀ” ಎಂದು ಅವರು, “ಮಿಷಿನು ಸುಳ್ಳೇಳ್ತದಾಪ್ಪಾ? ನೀನೇ ಸುಳ್ಳೇಳೋದು” ಎಂದು ನೀನು. ನೀನು ಹೇಳಿದಷ್ಟು ಇನ್ಸುಲಿನ್ ಹೆಚ್ಚು ಹಾಕಿಕೊಂಡರು. ಮಗಳು ಬೈದಳೆಂದು ಬುತ್ತಿಯನ್ನೂ ಬಿಚ್ಚದೆ ಮತ್ತೆ ಕೊಯ್ಲಿಗೆ ನಿಂತರು. ಪಕ್ಕದ ಸಾಲಿನ ಕಾಳಿಯಮ್ಮಾಳ್ ತಿರುಗಿ ನೋಡುವಷ್ಟರಲ್ಲಿ ಬಿದ್ದಿದ್ದರು.

ನಿನ್ನೆ ಮತ್ತೆ ತೋರಿಸಲು ತೇನಿ ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರು ಎಲ್ಲ ಕೇಳಿ, ಕೈ ತೊಳೆದು ನೋಡಿಕೊಂಡರಾ ಎಂದರು. ತೋಟದಲ್ಲಿ ಯಾರು ತೊಳೆಯುತ್ತಾರೆ! ಬೆರಳಿಗೆ ಹಣ್ಣಿನ ರಸ ಅಂಟಿದ್ದರೆ ಮೀಟರ್ ಅದರ ಸಕ್ಕರೆಯನ್ನೂ ಸೇರಿಸಿ ತೋರಿಸುತ್ತದಂತೆ. ಬೆವರು ಸುರಿಸಿ ದುಡಿಯುವ ಮೈಯಲ್ಲಿ ಸಕ್ಕರೆ ಮೊದಲೇ ಇಳಿದಿರುತ್ತದೆ, ಅದರ ಮೇಲೆ ಇಷ್ಟು ಇನ್ಸುಲಿನ್ ಹಾಕಿದರೆ ಮನುಷ್ಯ ಉಳಿಯುತ್ತಾನಾ ಎಂದು ನನ್ನನ್ನೇ ಗದರಿದರು. ನಿನ್ನ ಮೇಲೆ ನನಗೆ ಕೋಪವಿಲ್ಲ ಕಂದಾ, ಸಂಕಟ ಮಾತ್ರ. ನೀನು ಅವರ ಒಳ್ಳೆಯದಕ್ಕೇ ಹೇಳಿದೆ. ಇನ್ನು ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡ ಮೇಲೆಯೇ ಸೂಜಿ.

ಅಳಿಯಂದಿರಿಗೆ ನಮ್ಮ ನೆನಪು ತಿಳಿಸು. ಮನೆದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಮುತ್ತುಲಕ್ಷ್ಮಿ

ಇನ್ನೊಂದು ಮಾತು. ಡಾಕ್ಟರು ಹೇಳಿದ್ದನ್ನು ಅಪ್ಪನೂ ಕೇಳಿಸಿಕೊಂಡರು. ಆದರೂ ಬಸ್ಸಿನಲ್ಲಿ ಬರುತ್ತಾ, “ಅವ್ಳು ಓದಿದ ಪುಳ್ಳೆ, ಓದಿದ ಮಗ್ಳು ಮುತ್ತೂ. ಅವ್ಳು ಹೇಳಿದ್ರೆ ನಾ ತಿಂದೇ ಇರ್ಬೇಕು. ನಂಗೇ ಗ್ಯಾಪಕ ಇಲ್ಲ” ಎಂದರು. ನಾನು ಎಷ್ಟು ಹೇಳಿದರೂ ಒಪ್ಪುತ್ತಿಲ್ಲ. ನೀನೇ ಬಾ. ಬಂದು ಹೇಳು, ಅವರು ತಿಂದಿಲ್ಲ ಎಂದು.