ಚಿಕ್ಕವನ ವಯಸ್ಸು

ಭಾನುವಾರ, ಮಾರ್ಚ್ ೧೪

ನನ್ನ ದೊಡ್ಡ ಮಗನಿಗೆ,

ಅಮ್ಮನ ಆಶೀರ್ವಾದ. ಹೇಗಿದ್ದೀಯಪ್ಪ? ಜೈಲಿನಿಂದ ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ದಿನಾ ಬರೆಯೋಣ ಅಂತ ಕೂರುತ್ತಿದ್ದೆ, ಪೆನ್ನು ಹಿಡಿದು ಹಾಗೇ ಎದ್ದುಬಿಡುತ್ತಿದ್ದೆ. ನಿನ್ನ ಅಕ್ಷರ ಈಗ ಗುಂಡಗಾಗಿದೆ. ಟೀಚರುಗಳು ಹತ್ತು ವರ್ಷ ಹೆಣಗಿದರೂ ಆಗದ್ದು ಅಲ್ಲಿ ಆಯಿತಲ್ಲ ಅಂತ ನಗು ಬರಬೇಕಿತ್ತು. ಬರಲಿಲ್ಲ.

ನಾನು ಚೆನ್ನಾಗಿದ್ದೇನೆ ಅಂತಲೇ ಇಟ್ಟುಕೋ. ಆಸ್ಪತ್ರೆಯ ಲಾಂಡ್ರಿಗೆ ಹೊಸ ಮಷಿನ್ ಬಂದಿದೆ, ಬೆಡ್‌ಶೀಟುಗಳನ್ನು ಅದೇ ಒಗೆದು ಹಿಂಡಿ ಕೊಡುತ್ತದೆ. ನಮಗೆ ಮಡಿಸುವುದೊಂದೇ ಕೆಲಸ. ಮೊದಲೆಲ್ಲ ಮಡಿಸುತ್ತಾ ನಿಮ್ಮಿಬ್ಬರ ಬಗ್ಗೆ ಏನೇನೋ ಲೆಕ್ಕ ಹಾಕುತ್ತಿದ್ದೆ. ಈಗ ಮೂಲೆಗೆ ಮೂಲೆ ಕೂಡಿಸುವುದು ಬಿಟ್ಟು ಬೇರೇನೂ ತಲೆಗೆ ಬರುವುದಿಲ್ಲ. ಸೂಪರ್‌ವೈಸರಮ್ಮ, "ಏನ್ರೀ, ಮಷಿನ್ ಎರಡು ಬಂದ ಹಾಗಾಯ್ತಲ್ಲ" ಅಂದರು. ತಮಾಷೆಗೆ ಅಂದದ್ದು.

ಚಿಕ್ಕವನು ಮತ್ತೆ ಕ್ಲಾಸಿಗೆ ಹೋಗುತ್ತಿದ್ದಾನೆ. ಹೊರಡುವ ಮುಂಚೆ ಕಿಟಕಿಯಿಂದ ಬೀದಿಯ ಎರಡೂ ಕಡೆ ನೋಡುತ್ತಾನೆ. ಮನೆಯೊಳಗೂ ಶೂ ಬಿಚ್ಚುತ್ತಿರಲಿಲ್ಲ, ಹೋದ ವಾರದಿಂದ ಬಿಚ್ಚುತ್ತಿದ್ದಾನೆ. ನಿನ್ನ ಮಾತು ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ.

ಅವನು ಕೋರ್ಟಿನಲ್ಲಿ ಹೇಳಿದ್ದೆಲ್ಲ ಸುಳ್ಳು ಅಂತ ಬರೆದಿದ್ದೀಯ. ಸುಳ್ಳಲ್ಲ ಕಣೋ. "ನಮ್ ಗ್ಯಾಂಗಿಗೆ ಬರ್ಲಿಲ್ಲ ಅಂದ್ರೆ ನೋಡು, ಅಮ್ಮ ಕೆಲಸಕ್ಕೆ ಹೋಗೋ ದಾರಿ ನಮ್ಮವರಿಗೆಲ್ಲ ಗೊತ್ತು" ಅಂತ ನೀನು ಅವನಿಗೆ ಹೇಳಿದಾಗ ನಾನು ಬಚ್ಚಲಲ್ಲಿದ್ದೆ. ಕೇಳಿಸಿತು. ಅಣ್ಣತಮ್ಮಂದಿರ ಕಿತ್ತಾಟ ಅಂದುಕೊಂಡು ನಲ್ಲಿ ಜೋರು ಮಾಡಿದೆ. ಮೂರು ವಾರಕ್ಕೆ ಅವನ ಕೈಗೆ ಕಬ್ಬಿಣದ ಸರಳು ಕೊಟ್ಟು ಔಷಧಿ ಅಂಗಡಿಯವರ ಮೇಲೆ ಬಿಟ್ಟಿರಿ. ಆ ಮನುಷ್ಯನಿಗೆ ಇವತ್ತಿಗೂ ಬಲಗೈ ಎತ್ತಲಾಗುವುದಿಲ್ಲ.

ಸ್ಕೂಲಿನ ದಾಖಲೆಯಲ್ಲಿ ಆಗ ಚಿಕ್ಕವನಿಗೆ ಹದಿನೆಂಟು ದಾಟಿತ್ತು, ನಿಜ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಅಂತ ಒಂದೂವರೆ ವರ್ಷ ಹೆಚ್ಚು ಬರೆಸಿ ಸೇರಿಸಿದವಳು ನಾನೇ. ನೀನು ಅವನ ಕೈ ಹಿಡಿದು ನಿಂತು, "ಆರು ತುಂಬಿದೆ ಮಿಸ್" ಅಂದಿದ್ದೆ. ಆ ದಾಖಲೆಯೇ ನಿಂತಿದ್ದರೆ ನಿನಗೆ ಎರಡು ವರ್ಷ. ಹದಿನೆಂಟು ತುಂಬದವರನ್ನು ಹೆದರಿಸಿ ಗ್ಯಾಂಗಿಗೆ ಎಳೆದರೆ ಏಳು. ನಿನ್ನ ವಕೀಲರು ನನಗೆ ಬಿಡಿಸಿ ಹೇಳಿದ್ದರು, "ಅಮ್ಮಾ, ನೀವು ಬಾಯಿ ಬಿಡ್ಬೇಡಿ, ಅಷ್ಟು ಸಾಕು." ಹೂಂ ಅಂದಿದ್ದೆ.

ಆಮೇಲೆ ಸರ್ಕಾರಿ ವಕೀಲರು ಹೆರಿಗೆ ಆಸ್ಪತ್ರೆಯ ರಿಜಿಸ್ಟರ್ ತರಿಸಿದರು. ಅದು ಚಿಕ್ಕವನದೇ ಕಿತಾಪತಿ, ಹೊರಗೆ ಬಂದ ದಿನ ಅವನನ್ನು ನೋಡಿಕೊಳ್ತೀನಿ ಅಂತ ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ.

ಎರಡು ಜೊತೆ ಕಾಲುಚೀಲ, ಒಂದು ಸ್ವೆಟರ್ ಕಳಿಸಿದ್ದೇನೆ. ಯಾರ ತಂಟೆಗೂ ಹೋಗಬೇಡ. ಹೊಟ್ಟೆ ತುಂಬ ತಿನ್ನು. ಎಲ್ಲಿದ್ದರೂ ನೀನು ನನ್ನ ಮಗನೇ. ದೇವರು ನಿನಗೆ ಆರೋಗ್ಯ ಕೊಡಲಿ, ಒಳ್ಳೆ ಬುದ್ಧಿಯನ್ನೂ ಕೊಡಲಿ.

ಇತಿ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಚಿಕ್ಕವನಿಗೆ ಏನೂ ಗೊತ್ತಿಲ್ಲ. ಹುಟ್ಟಿದ ತಾರೀಖು, ಹೆರಿಗೆ ಆಸ್ಪತ್ರೆಯ ಹೆಸರು ಇದ್ದ ಅವನ ಲಸಿಕೆ ಕಾರ್ಡನ್ನು ಕೋರ್ಟಿನ ವರಾಂಡದಲ್ಲಿ ಸರ್ಕಾರಿ ವಕೀಲರ ಕೈಗೆ ಕೊಟ್ಟವಳು ನಾನು. ಯಾರೂ ಕೇಳಿರಲಿಲ್ಲ. ಎರಡೇ ವರ್ಷಕ್ಕೆ ನೀನು ಬಂದಿದ್ದರೆ ಅವನಿನ್ನೂ ನಿನಗೆ ಹೆದರುವ ವಯಸ್ಸಿನಲ್ಲೇ ಇರುತ್ತಿದ್ದ. ಸಿಟ್ಟಿದ್ದರೆ ನನ್ನ ಮೇಲೆ ಇಟ್ಟುಕೋ. ಜಡ್ಜು ಏಳು ವರ್ಷ ಅಂದ ದಿನ ನಾನು ಅಳಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ನಿದ್ದೆ ಹೋದೆ. ಹಾಗೆ ನಿದ್ದೆ ಮಾಡಿ ಎಷ್ಟು ತಿಂಗಳಾಗಿತ್ತೋ. ನಮ್ಮ ಸ್ಟಾಪು ದಾಟಿ ಹೋಗಿತ್ತು, ಕೊನೇ ಸ್ಟಾಪಿನಲ್ಲಿ ಕಂಡಕ್ಟರ್ ಭುಜ ಅಲುಗಿಸಿ ಎಬ್ಬಿಸಬೇಕಾಯಿತು. ಹೆತ್ತ ಹೊಟ್ಟೆಗೆ ಆ ದಿನ ಅಂಥ ನಿದ್ದೆ ಹೇಗೆ ಬಂತು ಅಂತ ಮಾತ್ರ ನನ್ನನ್ನು ಕೇಳಬೇಡ.